ಹಲಗಿ ಪೆಟ್ಟನ್ನು ಪ್ಯಾಡಿಗೆ ಇಳಿಸಲು ಯಾವ ಸಾಫ್ಟ್‌ವೇರ್ ಬೇಕು?

ಪ್ರಶ್ನೆ: ಸರ್, ನಮ್ದು ಗುಳೇದಗುಡ್ಡ. ರಸಮಂಜರಿಯೊಳಗ ಪ್ಯಾಡ್ (ಕಡ್ಡಿಲೆ ಹೊಡದ್ರ ಸಪ್ಪಳ ಕೊಡೋ ಎಲೆಕ್ಟ್ರಾನಿಕ್ ವಾದ್ಯ) ಬಾರಸ್ತೀನ್ರಿ. ಮೊದಲು ಎಸ್‌ಪಿಡಿ-20 ಇತ್ತು. ಈಗ ಕೊಲ್ಹಾಪುರದಾಗ ಒಬ್ಬರ ಕಡೆಯಿಂದ ಸೆಕೆಂಡ್ ಹ್ಯಾಂಡ್ ರೋಲ್ಯಾಂಡ್ ಎಸ್‌ಪಿಡಿ-ಎಸ್‌ಎಕ್ಸ್ ತಗೊಂಡೀನಿ. ಎಲ್ಲಾರೂ ಹಾಕಿಸ್ಕೊಳ್ಳೋ ಅದೇ ರೆಡಿ ಸಪ್ಪಳದ ಪ್ಯಾಚ್ ಬ್ಯಾಡಂತ, ನಮ್ಮ ಕಡೆ ಹಲಗಿ, ಕರಡಿ ಮಜಲಿನ ಸಪ್ಪಳ ನಾನ ರೆಕಾರ್ಡ್ ಮಾಡಿ ಹಾಕಬೇಕಂತ ಆಸೆ. ಸ್ಟುಡಿಯೋದ ಗೆಳೆಯ ದೊಡ್ಡ ಸಾಫ್ಟ್‌ವೇರಿನ ಕ್ರ್ಯಾಕ್ ಕೊಡ್ತೀನಿ ಅಂತಾನ. ಇನ್ನೊಬ್ಬ ಆಡಾಸಿಟಿ ಸಾಕು ಅಂತಾನ. ನಂದು 4 ಜಿಬಿ ರ್‍ಯಾಮಿನ ಹಳೇ ಲ್ಯಾಪ್‌ಟಾಪ್. ಯಾವುದು ಹಾಕ್ಕೊಳ್ಳಲಿ?
– ಓದುಗರು, ಗುಳೇದಗುಡ್ಡ

ಉತ್ತರ: ಎರಡನೇ ಗೆಳೆಯ ಹೇಳಿದ್ದೇ ಸರಿ. ಸಪ್ಪಳ ಕತ್ತರಿಸಿ ತಿದ್ದುವ ಪುಕ್ಕಟೆ ಸಾಫ್ಟ್‌ವೇರ್ ಆಡಾಸಿಟಿ ನಿಮಗೆ ಸಾಕು. ಆದರೆ ಯಾಕೆ ಸಾಕು ಅಂತ ಅವರು ಹೇಳಿದಂತಿಲ್ಲ. ಅದು ತಿಳಿದರೆ ನಾಳೆ ಬೇರೆ ಯಂತ್ರ ಬಂದಾಗಲೂ ನಿಮಗೇ ಆರಿಸಿಕೊಳ್ಳಲು ಬರುತ್ತದೆ.

ಸಾಫ್ಟ್‌ವೇರ್ ನೋಡುವ ಮೊದಲು ಯಂತ್ರ ಏನು ತಿನ್ನುತ್ತದೆ ಎಂದು ನೋಡಬೇಕು. ನಿಮ್ಮ ಎಸ್‌ಪಿಡಿ-ಎಸ್‌ಎಕ್ಸ್ ಕೇಳುವುದು 44.1 ಕಿಲೋಹರ್ಟ್ಸ್ (ಸಪ್ಪಳವನ್ನು ಸೆಕೆಂಡಿಗೆ 44,100 ಸಲ ಅಳೆದದ್ದು), 16 ಬಿಟ್‌ನ (ಒಂದೊಂದು ಅಳತೆ ಎಷ್ಟು ನುಣುಪು ಎಂಬ ಲೆಕ್ಕ) ವೇವ್ ಫೈಲು. ಅದೇ ಕಂಪನಿಯ ಎಸ್‌ಪಿ-404 ಎಂಕೆ-2 ಒಳಗೆ 48 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ. 1987ರ ಇ-ಮು ಎಸ್‌ಪಿ-1200 ಅಂತೂ 12 ಬಿಟ್, 26 ಕಿಲೋಹರ್ಟ್ಸ್ ಚಿಲ್ಲರೆ, ಒಟ್ಟು ಹತ್ತು ಸೆಕೆಂಡಿನಷ್ಟೇ ಸ್ಯಾಂಪಲ್ (ರೆಕಾರ್ಡ್ ಮಾಡಿದ ಸಪ್ಪಳದ ತುಣುಕು) ಹಿಡಿಸುವಂಥದ್ದು. ಅಷ್ಟರಲ್ಲೇ ಅಮೆರಿಕದ ಹುಡುಗರು ಎಷ್ಟೋ ಹಿಪ್-ಹಾಪ್ ಹಾಡು ಕಟ್ಟಿದರು. ಯಂತ್ರದ ಊಟ ಒಂದು, ನಾವು ಬಡಿಸಿದ್ದು ಇನ್ನೊಂದು ಆದರೆ ಕೆಲವು ಸ್ಯಾಂಪ್ಲರ್‌ಗಳು (ಹೀಗೆ ರೆಕಾರ್ಡ್ ಮಾಡಿದ ಸಪ್ಪಳ ನುಡಿಸುವ ಯಂತ್ರಗಳು) ಫೈಲನ್ನೇ ಒಲ್ಲೆ ಅನ್ನುತ್ತವೆ. ಇನ್ನು ಕೆಲವು ಸುಮ್ಮನೆ ತಗೊಂಡು ತಪ್ಪಾಗಿ ನುಡಿಸುತ್ತವೆ: 48ರ ಫೈಲನ್ನು 44.1 ಎಂದು ಓದಿದರೆ ಸಪ್ಪಳ ನಿಧಾನವಾಗಿ, ಹತ್ತಿರಹತ್ತಿರ ಒಂದೂವರೆ ಸೆಮಿಟೋನ್ (ಪೇಟಿಯ ಪಕ್ಕಪಕ್ಕದ ಎರಡು ಸ್ವರಗಳ ಅಂತರ ಒಂದು ಸೆಮಿಟೋನ್) ಕೆಳಗೆ ಇಳಿಯುತ್ತದೆ. ಪೇಟಿ ಮುಂದೆ ಕೂತವರು ಥಟ್ಟನೆ ತಿರುಗಿ ನೋಡುತ್ತಾರೆ.

ಈ ತಪ್ಪು ನಾನೇ ಮಾಡಿದ್ದೇನೆ. ಬನಶಂಕರಿ ಜಾತ್ರೆಯಲ್ಲಿ ಒಂದು ನಾಟಕ ಕಂಪನಿಯ ಪ್ಯಾಡ್‌ನವರಿಗೆ ಹಾಸ್ಯಪಾತ್ರದವನು ಬೀಳುವ, ಏಳುವ, ಏಟು ತಿನ್ನುವ ಎಫೆಕ್ಟ್‌ಗಳನ್ನೆಲ್ಲ ಕತ್ತರಿಸಿ ಕೊಟ್ಟಿದ್ದೆ. ವಿಡಿಯೋ ಕೆಲಸದ ರೂಢಿಯಿಂದ ಎಲ್ಲವನ್ನೂ 48ಕ್ಕೆ ಎಕ್ಸ್‌ಪೋರ್ಟ್ ಮಾಡಿಬಿಟ್ಟಿದ್ದೆ. ಯಂತ್ರ ಒಂದನ್ನೂ ತಗೊಳ್ಳಲಿಲ್ಲ. ಮೊದಲ ಗಂಟೆ ಹೊಡೆದಾಗ ನಾನು ಪರದೆ ಹಿಂದೆ, ಬಣ್ಣದ ಪೆಟ್ಟಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬದಲಿಸುತ್ತ ಕೂತಿದ್ದೆ.

ಇನ್ನು ಕೆಲಸದ ವಿಷಯ. ಸ್ಯಾಂಪ್ಲರ್‌ಗೆ ಸಪ್ಪಳ ತಯಾರಿಸುವವನಿಗೆ ಇಪ್ಪತ್ನಾಲ್ಕು ಟ್ರ್ಯಾಕಿನ ಮಿಕ್ಸಿಂಗ್ ಬೇಡ, ಸಿಂಥ್ ಬೇಡ, ರಿವರ್ಬ್‌ನ ಅಂಗಡಿ ಬೇಡ. ತಲೆ ಕತ್ತರಿಸಲು ಬರಬೇಕು, ಅಷ್ಟೇ. ಹಲಗಿಯ ಒಂದು ಪೆಟ್ಟನ್ನು ಪರದೆ ಮೇಲೆ ಹಿಗ್ಗಿಸಿ ನೋಡಿ. ಮೊದಲು ಕೂದಲೆಳೆಯಂಥ ಗೆರೆ, ಆಮೇಲೆ ಒಮ್ಮೆಲೇ ಗೋಡೆ ಎದ್ದಂತೆ ಪೆಟ್ಟು, ಅದರ ಹಿಂದೆ ಸಣ್ಣಗಾಗುತ್ತ ಹೋಗುವ ಬಾಲ. ಆ ಗೋಡೆಯ ಬುಡಕ್ಕೆ ಸರಿಯಾಗಿ ಕತ್ತರಿಸಬೇಕು. ಹತ್ತು ಮಿಲಿಸೆಕೆಂಡು ಖಾಲಿ ಉಳಿಯಿತು ಅನ್ನಿ. 44.1ರ ಲೆಕ್ಕದಲ್ಲಿ ಅದು 441 ಸ್ಯಾಂಪಲ್ (ಇಲ್ಲಿ ಸ್ಯಾಂಪಲ್ ಎಂದರೆ ಒಂದು ಅಳತೆ), ಕಣ್ಣಿಗೆ ಕಾಣುವುದೂ ಇಲ್ಲ. ಆದರೆ ಹತ್ತು ಮಿಲಿಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಸುಮಾರು ಮೂರೂವರೆ ಮೀಟರ್ ನಡೆಯುತ್ತದೆ. ಅಂದರೆ ಪ್ಯಾಡ್ ನಿಮ್ಮ ಮುಂದಿದ್ದರೂ ಹಲಗಿ ಬಾರಿಸುವವನು ಸ್ಟೇಜಿನ ಆ ತುದಿಗೆ ನಿಂತ ಹಾಗೆ. ಕೈ ಒಂದು ಕಡೆ, ಸಪ್ಪಳ ಒಂದು ಕಡೆ. ಎಷ್ಟೋ ಜನ ‘ಪ್ಯಾಡ್ ಲೇಟ್ ಹೊಡೀತದ’ ಅಂತ ಯಂತ್ರಕ್ಕೆ ಬೈಯುತ್ತಾರಲ್ಲ, ಅದರಲ್ಲಿ ಬಹುಪಾಲು ತಲೆ ಕತ್ತರಿಸದ ಫೈಲಿನ ಕಥೆ.

ಕತ್ತರಿಸುವ ಜಾಗ ತರಂಗದ ನಡುಗೆರೆಯ ಮೇಲೇ ಬೀಳಬೇಕು, ಇಲ್ಲವಾದರೆ ‘ಟಿಕ್’ ಅನ್ನುತ್ತದೆ. ಆಡಾಸಿಟಿಯಲ್ಲಿ ಬೇಕಾದ ಭಾಗ ಆಯ್ಕೆ ಮಾಡಿ ಝಡ್ ಕೀಲಿ ಒತ್ತಿದರೆ ಅಂಚುಗಳು ತಾವೇ ತರಂಗ ಆ ನಡುಗೆರೆ ದಾಟುವ ಹತ್ತಿರದ ಜಾಗಕ್ಕೆ ಸರಿಯುತ್ತವೆ. ಬಾಲದ ತುದಿಗೆ ಒಂದಿಷ್ಟು ಫೇಡ್ ಔಟ್ (ಸಪ್ಪಳ ಮೆಲ್ಲಗೆ ಇಳಿಸುವುದು) ಕೊಡಿ. ತಲೆಗೆ ಫೇಡ್ ಇನ್ (ಮೆಲ್ಲಗೆ ಏರಿಸುವುದು) ಕೊಡಲು ಹೋಗಬೇಡಿ, ಹಲಗಿಯ ಚುರುಕು ಅಲ್ಲೇ ಇರುವುದು.

ಇನ್ನೊಂದು ಅನುಕೂಲ ಬೇಕು: ರಾಶಿ ಪೆಟ್ಟುಗಳನ್ನು ಒಂದೇ ಸಲಕ್ಕೆ ಬೇರೆ ಬೇರೆ ಫೈಲು ಮಾಡುವುದು. ನಲವತ್ತು ಪೆಟ್ಟನ್ನು ನಲವತ್ತು ಸಲ ಸೇವ್ ಮಾಡುತ್ತ ಕೂತರೆ ಜಾತ್ರೆ ಮುಗಿದಿರುತ್ತದೆ. ಆಡಾಸಿಟಿಯ ಅನಲೈಜ್ ಮೆನುವಿನಲ್ಲಿ ಲೇಬಲ್ ಸೌಂಡ್ಸ್ ಎಂಬುದಿದೆ. ನಡುನಡುವೆ ಮೌನ ಬಿಟ್ಟು ಬಾರಿಸಿದ ಉದ್ದನೆ ರೆಕಾರ್ಡಿಂಗ್ ಕೊಟ್ಟರೆ ಪ್ರತಿ ಪೆಟ್ಟಿಗೂ ಅದೇ ಚೀಟಿ ಅಂಟಿಸುತ್ತದೆ. ಚೀಟಿಗೊಂದರಂತೆ ಫೈಲು ಮಾಡು ಎಂದು ಎಕ್ಸ್‌ಪೋರ್ಟ್‌ನಲ್ಲಿ ಹೇಳಿ, ಮೋನೋ, 44100, 16 ಬಿಟ್ ಎಂದು ಆರಿಸಿದರೆ ಮುಗಿಯಿತು. ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಗಿಡ್ಡವಾಗಿರಲಿ. ಯಂತ್ರದ ಪುಟ್ಟ ಪರದೆಗೆ ಕನ್ನಡ ಓದಲು ಬರುವುದಿಲ್ಲ.

ಆಡಾಸಿಟಿ 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಆವತ್ತಿಂದ ಇವತ್ತಿನವರೆಗೂ ಪುಕ್ಕಟೆ. ನಿಮ್ಮ 4 ಜಿಬಿ ಲ್ಯಾಪ್‌ಟಾಪಿಗೆ ಈ ಕೆಲಸ ಭಾರವಲ್ಲ. ಇದಕ್ಕಿಂತ ಹಗುರ ಬೇಕೆಂದರೆ ಓಸೆನ್‌ಆಡಿಯೋ (ocenaudio) ಇದೆ. ಬ್ರೆಜಿಲ್‌ನವರದ್ದು, ಅದೂ ಪುಕ್ಕಟೆ. ಒಂದು ಫೈಲು ತೆರೆ, ಕತ್ತರಿಸು, ಸೇವ್ ಮಾಡು ಎಂಬ ಕೆಲಸಕ್ಕೆ ನನ್ನ ಕೈ ಮೊದಲು ಹೋಗುವುದು ಅದಕ್ಕೇ. ಲೂಪ್‌ಗಳ (ಸುತ್ತಿ ಸುತ್ತಿ ನುಡಿಯುವ ತುಣುಕುಗಳ) ಕೆಲಸ ಹೆಚ್ಚಾದಾಗ ಮಾತ್ರ ರೀಪರ್ ಎಂಬ ಸ್ಟುಡಿಯೋ ಸಾಫ್ಟ್‌ವೇರ್ ನೋಡಿ. 60 ದಿನ ಪೂರ್ತಿ ಬಳಸಿ ನೋಡಬಹುದು. ಆಮೇಲೆ ಸ್ವಂತ ಬಳಕೆಗೆ, ಇಲ್ಲವೇ ವರ್ಷದ ಗಳಿಕೆ 20,000 ಡಾಲರ್ ದಾಟದ ಕಸುಬಿಗೆ, 60 ಡಾಲರ್ ಲೈಸೆನ್ಸ್. ನಮ್ಮ ಕಡೆಯ ಯಾವ ರಸಮಂಜರಿ ಆ ಗಡಿ ದಾಟುತ್ತದೋ, ದಾಟಿದವರು ನನಗೂ ಒಂದು ಮಾತು ತಿಳಿಸಿ.

ಗೆಳೆಯ ಕೊಡುತ್ತೇನೆಂದ ಕ್ರ್ಯಾಕ್ ಬೇಡ. ಕಾನೂನಿನ ಮಾತು ಹಾಗಿರಲಿ, ಅಂಥ ಫೈಲಿನ ಜೊತೆ ಏನೇನು ಬಂದು ಕೂಡುತ್ತದೋ ಗೊತ್ತಿಲ್ಲ. ಅದೇ ಲ್ಯಾಪ್‌ಟಾಪಿಗೆ ನೀವು ಪ್ಯಾಡಿನ ಕೇಬಲ್ ಚುಚ್ಚುತ್ತೀರಿ. ನ್ಯೂಯೆಂಡೋ, ಕ್ಯೂಬೇಸ್ ಒಳ್ಳೆಯವೇ, ಸ್ಟುಡಿಯೋದಲ್ಲಿ ಹಾಡು ಕಟ್ಟುವವರಿಗೆ. ಅಡೋಬಿ ಆಡಿಷನ್ ಎಂದರೆ ಹಳೇ ಕೂಲ್ ಎಡಿಟ್ ಪ್ರೋ, ಅಡೋಬಿ ಅದನ್ನು 2003ರಲ್ಲಿ ಕೊಂಡಿತು. ಎಡಿಟಿಂಗಿಗೆ ಸೊಗಸಾದ ಸಾಮಾನು. ಆದರೆ ಈಗ ಚಂದಾ ಲೆಕ್ಕ, ನಲವತ್ತು ಹಲಗಿ ಪೆಟ್ಟಿಗೆ ದುಬಾರಿ.

ರೆಕಾರ್ಡಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಕೆಟ್ಟಿದ್ದನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ಮಾಡುವುದಿಲ್ಲ. ಹಲಗಿ ಬೆಂಕಿಗೆ ಕಾಸಿದ ಕೂಡಲೇ ಕೊಡುವ ಸಪ್ಪಳ ಬೇರೆ, ಆರಿದ ಮೇಲೆ ಬೇರೆ. ಬಾಗಲಕೋಟೆಯ ಹೋಳಿಯಲ್ಲಿ ನೀವೇ ನೋಡಿರುತ್ತೀರಿ, ನಡುನಡುವೆ ಮತ್ತೆ ಕಾಸಿಕೊಂಡು ಬರುತ್ತಾರೆ. ಒಂದೇ ಕಾವಿನಲ್ಲಿ ಇಡೀ ಸೆಟ್ ಮುಗಿಸಿ, ಇಲ್ಲದಿದ್ದರೆ ಮೊದಲ ಪೆಟ್ಟು, ಕಡೆಯ ಪೆಟ್ಟು ಬೇರೆ ಬೇರೆ ಹಲಗಿ ಅನಿಸುತ್ತವೆ. ಮೆಲ್ಲಗೆ, ನಡುವಣ, ಜೋರು ಎಂದು ಮೂರು ಬಗೆಯ ಪೆಟ್ಟು ತಗೊಳ್ಳಿ. ಆಮೇಲೆ ಒಂದೊಂದನ್ನೇ ನಾರ್ಮಲೈಸ್ (ಜೋರನ್ನು ಒಂದೇ ಮಟ್ಟಕ್ಕೆ ಎತ್ತುವುದು) ಮಾಡಬೇಡಿ. ಹಾಗೆ ಮಾಡಿದರೆ ಮೆಲ್ಲಗೆ ಹೊಡೆದದ್ದೂ ಜೋರಿನಷ್ಟೇ ಎದ್ದು ಮೂರು ಬಗೆ ತಗೊಂಡದ್ದೇ ದಂಡ. ಕತ್ತರಿಸುವ ಮೊದಲು ಇಡೀ ರೆಕಾರ್ಡಿಂಗನ್ನು ಒಟ್ಟಿಗೆ ಎತ್ತಿ.

ಮೋನೋ ಯಾಕೆ ಅಂದಿರಾ? ಒಂದು ಹಲಗಿಗೆ ಎಡ-ಬಲ ಇಲ್ಲ. ಮೋನೋ ನಿಮಿಷಕ್ಕೆ ಸುಮಾರು 5 ಎಂಬಿ, ಸ್ಟೀರಿಯೋ ಅದರ ಎರಡರಷ್ಟು. ಮೆಮೊರಿ ಉಳಿಯುತ್ತದೆ.

ಕಡೆಗೆ, ಸೆಕೆಂಡ್ ಹ್ಯಾಂಡ್ ಯಂತ್ರವಾದ್ದರಿಂದ ಏನನ್ನೂ ಮುಟ್ಟುವ ಮೊದಲು ಒಂದು ಪೆನ್‌ಡ್ರೈವ್ ಚುಚ್ಚಿ ಒಳಗಿರುವುದನ್ನೆಲ್ಲ ಬ್ಯಾಕಪ್ ತಗೊಳ್ಳಿ. ಹಳೇ ಮಾಲೀಕರ ಪ್ಯಾಚ್‌ಗಳಲ್ಲಿ ಎರಡು-ಮೂರಾದರೂ ಕೆಲಸಕ್ಕೆ ಬರುವಂಥವು ಇದ್ದೇ ಇರುತ್ತವೆ. ಫೈಲು ಕಳಿಸಲು ರೋಲ್ಯಾಂಡ್‌ನವರದೇ ವೇವ್ ಮ್ಯಾನೇಜರ್ ಇದೆ. ಯಂತ್ರದ ಯುಎಸ್‌ಬಿ ಮೋಡನ್ನು ಅದಕ್ಕೆ ಬದಲಿಸದಿದ್ದರೆ ಕಂಪ್ಯೂಟರಿಗೆ ಯಂತ್ರ ಕಾಣುವುದಿಲ್ಲ. ಕೇಬಲ್ ಹೋಗಿದೆ ಅಂತ ಹೊಸದು ತರಲು ಪ್ಯಾಟಿಗೆ ಓಡಬೇಡಿ.

ಪ್ರಶ್ನೆ: ಕರಡಿ ಮಜಲಿನ ಒಂದು ಲೂಪನ್ನು ಎಂಪಿ3 ಮಾಡಿಟ್ಟಿದ್ದೆ. ಅದನ್ನೇ ವೇವ್‌ಗೆ ಬದಲಿಸಿ ಸ್ಯಾಂಪ್ಲರ್‌ಗೆ ಹಾಕಿದೆ. ಟೆಂಪೋ 120 (ನಿಮಿಷಕ್ಕೆ 120 ಮಾತ್ರೆ), ಲೂಪ್ ಎಂಟು ಮಾತ್ರೆ. ಶುರುವಿಗೆ ಕ್ಲಿಕ್ (ಲಯ ತೋರಿಸುವ ಟಿಕ್-ಟಿಕ್ ಸಪ್ಪಳ) ಜೊತೆ ಸರಿ ಇರುತ್ತದೆ, ಒಂದು ನಿಮಿಷದಲ್ಲಿ ಹಿಂದೆ ಬೀಳುತ್ತದೆ. ಸಾಫ್ಟ್‌ವೇರ್ ಬದಲಿಸಬೇಕೇ?
– ಓದುಗರು, ವಿಜಯಪುರ

ಉತ್ತರ: ಮೊದಲು ಎಂಪಿ3 ಬಿಡಿ. ಎಂಪಿ3 ಮಾಡುವಾಗಲೂ ಬಿಚ್ಚುವಾಗಲೂ ಫೈಲಿನ ತಲೆಗೆ ಒಂದಷ್ಟು ಮೌನ ಸೇರುತ್ತದೆ. ಎಂಪಿ3 ಮಾಡುವ ಲೇಮ್ ಎನ್‌ಕೋಡರ್ 576 ಸ್ಯಾಂಪಲ್, ಬಿಚ್ಚುವ ಕಡೆ 529, ಕೂಡಿದರೆ 1105. ಕೆಲವು ಸಾಫ್ಟ್‌ವೇರ್ ಅದನ್ನು ತೆಗೆದು ಕೊಡುತ್ತವೆ, ಎಲ್ಲವೂ ಅಲ್ಲ. 1105 ಸ್ಯಾಂಪಲ್ ಎಂದರೆ 25 ಮಿಲಿಸೆಕೆಂಡು. ನಿಮ್ಮ ಲೂಪ್ ನಾಲ್ಕು ಸೆಕೆಂಡಿನದು, ನಿಮಿಷಕ್ಕೆ ಹದಿನೈದು ಸುತ್ತು. ಹದಿನೈದು ಸಲ 25 ಅಂದರೆ 375 ಮಿಲಿಸೆಕೆಂಡು. ಒಂದು ಮಾತ್ರೆಗೆ 500 ಇರುವಲ್ಲಿ ಮುಕ್ಕಾಲು ಮಾತ್ರೆ ಹಿಂದೆ ಬಿದ್ದಂತಾಯಿತು. ಬಾಲಕ್ಕೆ ಸೇರುವ ಮೌನ ಇದರ ಮೇಲೆ ಬೇರೆ.

ಮೂಲ ರೆಕಾರ್ಡಿಂಗಿಗೆ ಹೋಗಿ ಮತ್ತೆ ಕತ್ತರಿಸಿ. ಲೆಕ್ಕ ಸುಲಭ: 60ನ್ನು ಟೆಂಪೋದಿಂದ ಭಾಗಿಸಿ, ಮಾತ್ರೆಗಳಿಂದ ಗುಣಿಸಿ, 44100ರಿಂದ ಗುಣಿಸಿ. ನಿಮ್ಮದಕ್ಕೆ ಸರಿಯಾಗಿ 1,76,400 ಸ್ಯಾಂಪಲ್. ಆಡಾಸಿಟಿಯಲ್ಲಿ ಆಯ್ಕೆಯ ಉದ್ದವನ್ನು ಸೆಕೆಂಡಿನ ಬದಲು ಸ್ಯಾಂಪಲ್‌ನಲ್ಲಿ ತೋರಿಸಲು ಹೇಳಿ ಅದೇ ಅಂಕಿ ಬರೆಯಬಹುದು. ಟೆಂಪೋ 110 ಆದರೆ 1,92,436ರ ಮೇಲೊಂದು ಚೂರು ಬರುತ್ತದೆ, ಆ ಚೂರು ಬಿಡಿ, ಯಾರ ಕಿವಿಗೂ ಬೀಳದು. ಇಂಥ ಲೂಪ್ ಹತ್ತಾರು ಇದ್ದರೆ ಆಗ ಸಾಫ್ಟ್‌ವೇರ್ ಬದಲಿಸುವ ಮಾತಿಗೆ ಅರ್ಥವಿದೆ. ರೀಪರ್‌ನಲ್ಲಿ ಟೆಂಪೋ ಕೊಟ್ಟು ಎರಡು ಬಾರ್ ಗುರುತು ಮಾಡಿದರೆ ಉದ್ದದ ಲೆಕ್ಕ ಅದೇ ಹಾಕುತ್ತದೆ.

ಒಂದು ತೊಡಕು ಮಾತ್ರ ಯಾವ ಸಾಫ್ಟ್‌ವೇರಿನಿಂದಲೂ ಬಿಡುವುದಿಲ್ಲ. ಕರಡಿ ಮಜಲಿನವರು ಕ್ಲಿಕ್ ಕೇಳಿ ಬಾರಿಸುವವರಲ್ಲ. ಮೆರವಣಿಗೆ ಬಿಸಿಯೇರಿದಂತೆ ಲಯವೂ ಏರುತ್ತದೆ, ಅದೇ ಅದರ ಚೆಂದ. ಅದನ್ನು ಎಳೆದು, ಹಿಗ್ಗಿಸಿ 120ಕ್ಕೆ ಕೂರಿಸಿದರೆ ಕರಡಿಯ ಗುಮುಕು ಒದ್ದೆ ಬಟ್ಟೆ ಒಗೆದ ಹಾಗೆ ಕೇಳುತ್ತದೆ. ಬಾರಿಸುವವರ ಕಿವಿಗೆ ಕ್ಲಿಕ್ ಕೊಟ್ಟು ಹೊಸದಾಗಿ ರೆಕಾರ್ಡ್ ಮಾಡಿ. ಅದು ಆಗದಿದ್ದರೆ ಲೂಪ್ ಬಿಟ್ಟು, ಬಿಡಿ ಪೆಟ್ಟುಗಳನ್ನು ಪ್ಯಾಡಿಗೆ ಹಾಕಿ ಕೈಯಲ್ಲೇ ಬಾರಿಸಿ. ನನ್ನ ಮನಸ್ಸು ಎರಡನೆಯದರ ಕಡೆಗೇ.

ಪ್ರಶ್ನೆ: ಮನೆಯ ಕೈಮಗ್ಗದ ಸಪ್ಪಳ ಫೋನಿನಲ್ಲಿ ರೆಕಾರ್ಡ್ ಮಾಡಿದೆ, ಸ್ಯಾಂಪಲ್ ಮಾಡೋಣ ಅಂತ. ವಿಂಡೋಸ್ ಲ್ಯಾಪ್‌ಟಾಪಿನ ಆಡಾಸಿಟಿಯಲ್ಲಿ ಫೈಲೇ ತೆರೆಯುತ್ತಿಲ್ಲ.
– ಓದುಗರು, ಇಳಕಲ್ಲ

ಉತ್ತರ: ಅದು ಎಂ4ಎ ಫೈಲಿರಬೇಕು. ವಿಂಡೋಸ್‌ನಲ್ಲಿ ಅದನ್ನು ಓದಲು ಆಡಾಸಿಟಿಗೆ ಎಫ್‌ಎಫ್‌ಎಂಪೆಗ್ ಎಂಬ ಲೈಬ್ರರಿ ಬೇಕು. ಪುಕ್ಕಟೆಯದೇ, ಬೇರೆಯಾಗಿ ಹಾಕಿಕೊಳ್ಳಬೇಕು. ಮುಂದಿನ ಸಲ ಫೋನಿನ ರೆಕಾರ್ಡರಿನಲ್ಲಿ ವೇವ್ ಆಯ್ಕೆ ಇದೆಯೇ ನೋಡಿ. ತನ್ನಷ್ಟಕ್ಕೆ ಮಟ್ಟ ಏರಿಳಿಸುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿಬಿಡಿ. ಇಲ್ಲವಾದರೆ ಲಾಳಿಯ ಪ್ರತಿ ಏಟಿಗೂ ಫೋನು ಬೆಚ್ಚಿ ಶಬ್ದ ತಗ್ಗಿಸುತ್ತದೆ, ಎರಡು ಏಟಿನ ನಡುವೆ ಫ್ಯಾನಿನ ಗಾಳಿಯನ್ನು ಎತ್ತುತ್ತದೆ. ಫ್ಯಾನ್ ಸಪ್ಪಳವನ್ನು ನಾಯ್ಸ್ ರಿಡಕ್ಷನ್‌ನಿಂದ ತೆಗೆಯಲು ಹೋದರೆ ಮಗ್ಗ ನೀರಿನೊಳಗೆ ನೇಯ್ದಂತೆ ಕೇಳುತ್ತದೆ. ಎರಡು ನಿಮಿಷ ಫ್ಯಾನ್ ಆರಿಸಿ ಮತ್ತೊಮ್ಮೆ ತಗೊಳ್ಳಿ, ಫೋನನ್ನು ಮಗ್ಗದ ಕಟ್ಟಿಗೆ ಮೇಲೆ ಇಡದೆ ಯಾರಾದರೂ ಕೈಯಲ್ಲಿ ಹಿಡಿದಿರಲಿ.