ಸಂಪಾದಕರ ಉತ್ತರ: ಬಾಂಗ್ಲಾದೇಶವನ್ನು ನಾವು ಗೆದ್ದಿಲ್ಲ

ಡೊಂಬಿವಲಿಯ ಓದುಗರೊಬ್ಬರು ಬರೆಯುತ್ತಾರೆ: ‘2020ರಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಪ್ರಮಾಣ ಬಾಂಗ್ಲಾದೇಶದಲ್ಲಿ ಶೇ 16.2, ಪಾಕಿಸ್ತಾನದಲ್ಲಿ ಶೇ 14ಕ್ಕೂ ಹೆಚ್ಚು, ಭಾರತದಲ್ಲಿ ಶೇ 13. ನೆರೆಯವರಿಗಿಂತ ನಾವು ಮೇಲು. ಇಂಥ ಒಳ್ಳೆಯ ಸುದ್ದಿಯನ್ನು ನಿಮ್ಮ ಪತ್ರಿಕೆ ಮುಖಪುಟದಲ್ಲಿ ಏಕೆ ಹಾಕುವುದಿಲ್ಲ?’

ಅಂಕಿಗಳನ್ನು ಸರಿಯಾಗಿಯೇ ಎತ್ತಿ ಬರೆದಿದ್ದೀರಿ. ನಿಮ್ಮಂತೆ ಕೊನೆಯ ಸಾಲಿನವರೆಗೆ ಓದುವವರಿಂದಲೇ ಮುಂಬಯಿಯಲ್ಲಿ ಕನ್ನಡ ಪತ್ರಿಕೆಯೊಂದು ಉಸಿರಾಡುತ್ತಿದೆ. ದೇಶ ದೇಶಗಳನ್ನು ಹೋಲಿಸಲೇಬಾರದು ಎನ್ನುವವನು ನಾನಲ್ಲ. ಹಣ, ವೈದ್ಯರು ಎಲ್ಲಿಗೆ ಮೊದಲು ಹೋಗಬೇಕೆಂದು ತಿಳಿಯಲು ಹೋಲಿಕೆ ಬೇಕು. ಆದರೆ ನೀವು ಕೇಳಿದ ತಲೆಬರಹವನ್ನು ನಾನು ಹಾಕಲಾರೆ.

ಅದೇ ಅಂದಾಜಿನಲ್ಲಿರುವ ಇನ್ನೊಂದು ಅಂಕಿಯನ್ನು ನೀವು ಬಿಟ್ಟಿರಿ. ಆ ವರ್ಷ ಜಗತ್ತಿನಲ್ಲಿ 37 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳು 1.34 ಕೋಟಿ. ಅವರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಜಗತ್ತಿನ ಪ್ರಮಾಣ 2010ರಲ್ಲಿ ಶೇ 9.8 ಇದ್ದದ್ದು ಹತ್ತು ವರ್ಷಗಳ ಬಳಿಕ ಶೇ 9.9. ಎಲ್ಲರೂ ನಿಂತಲ್ಲೇ ನಿಂತಿರುವಾಗ ಯಾರು ಯಾರನ್ನು ಹಿಂದಿಕ್ಕಿದರು?

ಇನ್ನು ಈ ಅಂಕಿಗಳು ಹುಟ್ಟುವ ಬಗೆಯನ್ನು ನೋಡಿ. 2013ರಲ್ಲಿ ಅಮೆರಿಕದ ಪ್ರಮಾಣ, ಬಸುರಿನ ವಾರಗಳನ್ನು ಕೊನೆಯ ಮುಟ್ಟಿನ ತಾರೀಕಿನಿಂದ ಎಣಿಸಿದರೆ ಶೇ 11.4, ವೈದ್ಯರ ಅಂದಾಜಿನಿಂದ ಎಣಿಸಿದರೆ ಶೇ 9.6. ಅದೇ ತಾಯಂದಿರು, ಅದೇ ಮಕ್ಕಳು. 2014ರ ಅಂಕಿಗಳಿಂದ ಅವರು ಎರಡನೆಯ ಕ್ರಮವನ್ನು ಹಿಡಿದರು. ಇದನ್ನು ತಿಳಿಯದೆ ಪಕ್ಕದ ಕೆನಡಾದ ಜೊತೆ ಇಟ್ಟು ನೋಡಿದವರಿಗೆ ಅಮೆರಿಕದ ಬಸುರಿಯರೆಲ್ಲ ಒಂದೇ ವರ್ಷದಲ್ಲಿ ಚೇತರಿಸಿಕೊಂಡಂತೆ ಕಂಡೀತು.

ಅಷ್ಟು ದೂರ ಏಕೆ? ನಮ್ಮ ಬಳಗದ ಮುಲುಂಡಿನ ಹೆಣ್ಣುಮಗಳೊಬ್ಬಳು ಸೀಮಂತ ಮುಗಿಸಿ ಮತ್ಸ್ಯಗಂಧ ರೈಲು ಹತ್ತಿ ಉಡುಪಿ ಕಡೆಯ ತವರಿಗೆ ಹೋದಳು. ಜೂನ್ ಮಳೆಯಲ್ಲಿ, ಎಣಿಸಿದ್ದಕ್ಕಿಂತ ಮೊದಲೇ, ನೋವು ಕಾಣಿಸಿಕೊಂಡಿತು. ಆಸ್ಪತ್ರೆಯ ಮೇಜಿನ ಆಚೆಯಿಂದ ಕೊನೆಯ ಮುಟ್ಟು ಯಾವಾಗ ಎಂಬ ಪ್ರಶ್ನೆ ಬಂತು. ಮಗಳು ನರಳುತ್ತಿದ್ದಳು, ತಾಯಿ ಉತ್ತರ ಕೊಟ್ಟರು: ‘ನವರಾತ್ರಿ ಮುಗಿದ ನಾಲ್ಕನೇ ದಿನ.’ ಚೀಟಿಯಲ್ಲಿ 34 ವಾರ ಎಂದು ಬರೆದರು. ಮೂರನೇ ತಿಂಗಳಿಗೆ ಮೊದಲೇ ಮಾಡಿಸಿದ್ದ ಸ್ಕ್ಯಾನ್‌ನ ಪ್ರಕಾರ ಅಂದಿಗೆ 37 ವಾರ ತುಂಬಿತ್ತು. ಆ ವರದಿ ಮುಲುಂಡಿನ ಕಪಾಟಿನಲ್ಲಿ, ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿತ್ತು. ಮಗುವಿನ ತೂಕ ಎರಡು ಕಿಲೋಗಿಂತ ಕಡಿಮೆ. ಅದು ಬೇಗ ಹುಟ್ಟಿದ ಮಗುವಲ್ಲ, ಹೊಟ್ಟೆಯಲ್ಲಿ ಸರಿಯಾಗಿ ಬೆಳೆಯದ ಮಗು. ಎರಡರ ಕಾರಣವೂ ಬೇರೆ, ಆರೈಕೆಯೂ ಬೇರೆ. ದೇಶದ ಲೆಕ್ಕದಲ್ಲಿ ಆ ಕೂಸು ಎಲ್ಲಿ ಸೇರಿತೋ!

ನೀವು ಸೋಲಿಸಿದೆವೆಂದು ಹಿಗ್ಗುವ ಬಾಂಗ್ಲಾದೇಶದ ಮತ್ಲಬ್ ಎಂಬಲ್ಲಿ 1960ರ ದಶಕದಿಂದ ಮನೆಮನೆಗೆ ಹೋಗಿ ಹುಟ್ಟು ಸಾವುಗಳನ್ನು ಬರೆದಿಡುತ್ತಿದ್ದಾರೆ. ಬಡತನದ ನಡುವೆಯೂ ಇಷ್ಟು ಕಾಲ ಬಿಡದೆ ಎಣಿಸಿದ ಜನರ ಬಗ್ಗೆ ನನಗೆ ಗೌರವವಿದೆ. ಎಣಿಸುವವನ ಅಂಕಿಯನ್ನು ಎಣಿಸದವನು ಆಡಿಕೊಳ್ಳುವುದು ನನಗೆ ಸಹಿಸದು.

ನಮ್ಮಲ್ಲಿ ಏನಾಗುತ್ತಿದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಂತೆ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ 47.4 ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3. ತಾಯಿಯ ಜೀವ ಉಳಿಸಲು ಮಾಡುವ ಶಸ್ತ್ರಚಿಕಿತ್ಸೆಯ ಮಾತು ಬೇರೆ. ಪಂಚಾಂಗ ಹಿಡಿದು, ನಕ್ಷತ್ರ ನೋಡಿ, ವಾರ ತುಂಬದ ಮಗುವನ್ನು ಹೊರತೆಗೆಸುವವರು ನಮ್ಮ ನಡುವೆಯೇ ಇದ್ದಾರೆ, ಓದಿದವರೇ ಇದ್ದಾರೆ. ಶ್ವಾಸಕೋಶ ಬಲಿಯುವುದು ಕೊನೆಯ ವಾರಗಳಲ್ಲಿ. ಯಾವ ಮುಹೂರ್ತವೂ ಅದನ್ನು ಬಲಿಸಿಕೊಡುವುದಿಲ್ಲ.

ಮುಖಪುಟಕ್ಕೆ ಸುದ್ದಿ ಬೇಕೆಂದರೆ ನಮ್ಮ ಊರಿನದೇ ಇದೆ. ಸಯಾನ್‌ನ ಮಹಾನಗರಪಾಲಿಕೆ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಕಟ್ಟಿದರು. ಧಾರಾವಿಯ ಬಡ ತಾಯಂದಿರು ಬರುವ ಆಸ್ಪತ್ರೆ ಅದು. ಒಬ್ಬಳ ಎದೆಹಾಲು ವಾರ ತುಂಬದೆ ಹುಟ್ಟಿದ ಮತ್ತೊಬ್ಬಳ ಕೂಸನ್ನು ಬದುಕಿಸಿದ್ದು ಅಲ್ಲಿ. ನಮ್ಮ ಸಂಘಗಳು ಈ ನಗರದಲ್ಲಿ ಎಷ್ಟೋ ಜನರಿಗೆ ಶಾಲು ಹೊದಿಸಿವೆ, ಹಾರ ಹಾಕಿವೆ. ಅಂಥ ವಾರ್ಡಿನಲ್ಲಿ ರಾತ್ರಿಪಾಳಿ ಮಾಡುವ ದಾದಿಯನ್ನು ವೇದಿಕೆಗೆ ಕರೆದದ್ದನ್ನು ನಾನು ಕಂಡಿಲ್ಲ. ರಾಜಕಾರಣಿ ತಡವಾಗಿ ಬಂದರೂ ಕಾಯುತ್ತೇವೆ. ಬಸುರಿ ಸೊಸೆಯ ಫೈಲನ್ನು ಚೀಲಕ್ಕೆ ಹಾಕಲು ಮರೆಯುತ್ತೇವೆ.

ನಿಮ್ಮ ಸಂಘದಲ್ಲಿ ಈ ಸಂಕ್ರಾಂತಿಗೂ ಅರಿಶಿನ ಕುಂಕುಮ ನಡೆಯುತ್ತದೆ. ಪುಟ್ಟ ಸ್ಟೀಲ್ ಡಬ್ಬಿಯ ಜೊತೆಗೆ ಒಂದು ಗಟ್ಟಿ ಫೈಲನ್ನೂ ಹಂಚಿಸಿ, ಮೊದಲ ಸ್ಕ್ಯಾನ್‌ನ ವರದಿಯನ್ನು ಅದರಲ್ಲಿಟ್ಟು ತವರಿಗೆ ಒಯ್ಯುವಂತೆ ಹೇಳಿಸಿ. ಆ ಕಾರ್ಯಕ್ರಮದ ಸುದ್ದಿಯನ್ನು ಕಳುಹಿಸಿಕೊಟ್ಟರೆ ನೀವು ಕೇಳಿದ ಮುಖಪುಟದಲ್ಲೇ ಹಾಕುತ್ತೇನೆ.