ಅಮೆರಿಕದಲ್ಲಿ ಮೋಟರ್‌ಹೋಮ್‌ನಲ್ಲೇ ವಾಸ ಮಾಡುವವರು ಒಳ್ಳೆಯ ಕ್ಯಾಂಪ್‌ಸೈಟ್ ಹಿಡಿಯುವುದು ಹೇಗೆ?

ಆರು ತಿಂಗಳು ಮುಂಚೆ, ಬುಕಿಂಗ್ ತೆರೆಯುವ ಹೊತ್ತಿಗೇ ಕಾದು ಕೂತರೂ ಒಂದೇ ನಿಮಿಷದಲ್ಲಿ ಎಲ್ಲ ಹೋಗಿಬಿಡುತ್ತದೆ, ಯಾವ ಆ್ಯಪ್ ಹಾಕಿಕೊಳ್ಳಲಿ ಅಂತ ಕೇಳಿದ್ದೀರಿ. ಬಾಡಿಗೆ ಮನೆ ಖಾಲಿ ಮಾಡಿ ಗಾಡಿ ಹತ್ತಿದ ಮೊದಲ ವರ್ಷ ನಾನೂ ನನ್ನ ಹೆಂಡತಿಯೂ ಹೀಗೇ ಇದ್ದೆವು. ಎರಡು ಲ್ಯಾಪ್‌ಟಾಪ್, ಎರಡು ಫೋನ್, ತತ್ಕಾಲ್ ಟಿಕೆಟ್ಟಿಗೆ ಕೂತವರ ಹಾಗೆ.

ಒಂದು ಸಲ ಸಿಕ್ಕಿಯೂ ಬಿಟ್ಟಿತು. ಉತ್ತರ ಕ್ಯಾಲಿಫೋರ್ನಿಯಾದ ಕರಾವಳಿ ಕಡೆ, ದೊಡ್ಡ ರೆಡ್‌ವುಡ್ ಮರಗಳ ನಡುವೆ. ಫೋಟೋ ನೋಡಿದರೆ ಯಾರಿಗಾದರೂ ಆಸೆಯಾಗಬೇಕು. ಸೈಟಿನ ವಿವರದಲ್ಲಿ ಗರಿಷ್ಠ ಉದ್ದ 35 ಅಡಿ ಅಂತಿತ್ತು. ನಮ್ಮದು ಕ್ಲಾಸ್ ಸಿ, ಅಂದರೆ ವ್ಯಾನಿನ ಮುಂಭಾಗದ ಹಿಂದೆ ಮನೆ ಕಟ್ಟಿದ ಥರದ ಗಾಡಿ, ಉದ್ದ 31 ಅಡಿ. ಇನ್ನೂ ನಾಲ್ಕು ಅಡಿ ಮಿಕ್ಕುತ್ತದೆ ಅಂದುಕೊಂಡು ಬುಕ್ ಮಾಡಿದೆ.

ಹಿಂದೆ ಕಟ್ಟಿಕೊಂಡು ಬರುವ ಕಾರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಗಾಡಿ ಮಾರಿದವರು ಇದನ್ನು ನಮಗೆ ಹೇಳಲೇ ಇಲ್ಲ. ನಮ್ಮ ಹಳೇ ಕಾರನ್ನು ನಾಲ್ಕೂ ಚಕ್ರ ನೆಲದ ಮೇಲಿಟ್ಟು, ಟೋ ಬಾರ್ (ಗಾಡಿಗೂ ಕಾರಿಗೂ ನಡುವೆ ಜೋಡಿಸುವ ಕಬ್ಬಿಣದ ದಂಡ) ಹಾಕಿ ಎಳೆಯುತ್ತೇವೆ. ಮುಂದೆ ಹೋಗುವಾಗ ಅದು ಸುಮ್ನೆ ಹಿಂದೆ ಬರುತ್ತದೆ. ಆದರೆ ಅದನ್ನು ಕಟ್ಟಿಕೊಂಡು ರಿವರ್ಸ್ ತೆಗೆಯಲು ಆಗುವುದಿಲ್ಲ. ಟ್ರೇಲರ್ ಆದರೆ ಚಕ್ರ ನೆಟ್ಟಗೆ ನಿಂತಿರುತ್ತದೆ, ಅಭ್ಯಾಸವಿದ್ದವರು ಹಿಂದಕ್ಕೆ ಹಾಕಬಹುದು. ಕಾರಿನ ಮುಂದಿನ ಚಕ್ರಗಳು ಹಾಗಲ್ಲ. ಹಿಂದಕ್ಕೆ ತಳ್ಳಿದ ತಕ್ಷಣ ತಮಗೆ ಬೇಕಾದ ಕಡೆ ಹೊರಳಿ ಅಡ್ಡ ನಿಲ್ಲುತ್ತವೆ, ಟೋ ಬಾರ್ ಬಾಗುತ್ತದೆ. ಅಂದರೆ ಸೈಟಿಗೆ ಹಿಂದಕ್ಕೆ ಹಾಕಿಯೇ ಹೋಗಬೇಕು ಅಂತಿದ್ದರೆ, ಕಾರನ್ನು ಮೊದಲೇ ಎಲ್ಲಾದರೂ ಬಿಚ್ಚಿಟ್ಟು ಬರಬೇಕು. ವಿವರದಲ್ಲಿ ‘ಬ್ಯಾಕ್ ಇನ್’ ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು 35 ಅನ್ನುವ ಅಂಕಿ ಮಾತ್ರ ಓದಿದ್ದೆ.

ತಲುಪುವಾಗ ಕತ್ತಲಾಗಿತ್ತು. ಒಳಗೆ ಒನ್ ವೇ ರಸ್ತೆ, ಎರಡೂ ಕಡೆ ಮರದ ಬೊಡ್ಡೆ. ತಿರುವಿನಲ್ಲೇ ನಿಲ್ಲಿಸಿ ಕಾರು ಬಿಚ್ಚಲು ಹೋದೆ. ಗಾಡಿ ಒಂದು ಕಡೆ, ಕಾರು ಇನ್ನೊಂದು ಕಡೆ ಮುಖ ಮಾಡಿ ನಿಂತಿದ್ದರಿಂದ ಟೋ ಬಾರ್ ಬಿಗಿದುಕೊಂಡಿತ್ತು. ಪಿನ್ನು ಜಪ್ಪಯ್ಯ ಅಂದರೂ ಬರಲಿಲ್ಲ. ನೆಲದ ಮೇಲೆ ಮಲಗಿ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದೇನೆ, ಹಿಂದೆ ನಿಂತವರ ಹೆಡ್‌ಲೈಟ್ ಕಣ್ಣಿಗೆ ಹೊಡೆಯುತ್ತಿದೆ. ಕೊನೆಗೆ ಹೆಂಡತಿ ಕಾರಿನೊಳಗೆ ಕೂತು ಸ್ಟೀರಿಂಗ್ ಸ್ವಲ್ಪ ಅಲ್ಲಾಡಿಸಿದಾಗ ಪಿನ್ನು ಸಡಿಲವಾಯಿತು. ಆಮೇಲೆ ಗಾಡಿ ಹಿಂದಕ್ಕೆ ಹಾಕುವಾಗ ಅವಳು ಟಾರ್ಚ್ ಹಿಡಿದು ಹಿಂದಿನ ಬೊಡ್ಡೆ ಕಡೆ ನೋಡುತ್ತಿದ್ದಳು. ಪಕ್ಕದ ಮರ ಇಬ್ಬರಿಗೂ ಕಾಣಲಿಲ್ಲ. ಗಾಡಿ ಪಕ್ಕದ ಆವ್ನಿಂಗ್, ಅಂದರೆ ನೆರಳಿಗೆ ಬಿಚ್ಚುವ ಚಪ್ಪರ, ಕಿತ್ತುಕೊಂಡು ಬಂತು. ಅದರ ರಿಪೇರಿ ದುಡ್ಡಿನಲ್ಲಿ ಎಷ್ಟೋ ರಾತ್ರಿ ಕ್ಯಾಂಪ್ ಮಾಡಬಹುದಿತ್ತು.

ಬೆಳಿಗ್ಗೆ ಎದ್ದರೆ ಜಾಗ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಬಿಸಿಲು ನೆಲಕ್ಕೆ ಬೀಳದ ಕಾಡು, ಸೋಲಾರ್ ಸೊನ್ನೆ. ಫೋನಿಗೆ ಸಿಗ್ನಲ್ ಇಲ್ಲ, ಉಪಗ್ರಹ ಇಂಟರ್ನೆಟ್ಟಿನ ಸ್ಟಾರ್‌ಲಿಂಕ್‌ಗೆ ಆಕಾಶ ಕಾಣುವುದಿಲ್ಲ. ಸೋಮವಾರ ಆಫೀಸ್ ಮೀಟಿಂಗಿಗೆ ಕಾರು ಹತ್ತಿ ಊರಿಗೆ ಹೋಗಿ ಸೂಪರ್‌ಮಾರ್ಕೆಟ್ ಪಾರ್ಕಿಂಗಿನಲ್ಲಿ ಕೂತೆ. ಸೈಟು ಬೇರೆ ಇಳಿಜಾರು. ನಮ್ಮದು ಗ್ಯಾಸಿನ ಮೇಲೂ ನಡೆಯುವ ಹಳೇ ಥರದ ಫ್ರಿಜ್. ಗಾಡಿ ವಾಲಿದ್ದರೆ ಅದರ ಕೊಳವೆಗಳಲ್ಲಿ ಅಮೋನಿಯಾ ಸರಿಯಾಗಿ ಹರಿಯುವುದಿಲ್ಲ. ಹಾಗೇ ಓಡಿಸಿದರೆ ಫ್ರಿಜ್ಜೇ ಹಾಳು. ಚಕ್ರದ ಕೆಳಗೆ ಹಲಗೆ ಇಟ್ಟು ಇಟ್ಟು ಸಾಕಾಯಿತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ನೀವು ಹುಡುಕುತ್ತಿರುವುದು ರಜೆಗೆ ಬರುವವರ ಸೈಟು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಕಣಿವೆಯನ್ನೇ ನೋಡಿ. ಜನ ಅಷ್ಟೊಂದು ಹೊಡೆದಾಡುತ್ತಾರೆ, ಅಲ್ಲಿನ ಸೈಟುಗಳಲ್ಲಿ ಕರೆಂಟ್ ಜೋಡಣೆಯೂ ಇಲ್ಲ, ನೀರಿನ ಜೋಡಣೆಯೂ ಇಲ್ಲ. ಮೂರು ರಾತ್ರಿಗೆ ಬಂದವರಿಗೆ ಅದು ಚಂದ. ಅಲ್ಲೇ ಅನ್ನ ಮಾಡಿ, ಪಾತ್ರೆ ತೊಳೆದು, ಕೆಲಸ ಮಾಡಿ ಬದುಕುವವರಿಗೆ ಸಮತಟ್ಟಾದ ನೆಲ, ತೆರೆದ ಆಕಾಶ, ಸಿಗ್ನಲ್, ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡಲು ಹತ್ತಿರದಲ್ಲೊಂದು ಡಂಪ್ ಸ್ಟೇಷನ್ ಬೇಕು. ನೋಟ ಆಮೇಲೆ. ಕಾರು ಇದೆಯಲ್ಲ, ಹೋಗಿ ನೋಡಿಕೊಂಡು ಬಂದರಾಯಿತು.

ನಾವೀಗ ಜಾಸ್ತಿ ದಿನ ಇರುವುದು ಬಿಎಲ್‌ಎಂ (ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್ಮೆಂಟ್) ಜಾಗಗಳಲ್ಲಿ, ಅಂದರೆ ಪಶ್ಚಿಮದ ರಾಜ್ಯಗಳಲ್ಲಿರುವ ಕೇಂದ್ರ ಸರ್ಕಾರದ ಬಯಲುಗಳಲ್ಲಿ. ಬುಕಿಂಗ್ ಇಲ್ಲ, ಹೆಚ್ಚಿನ ಕಡೆ ದುಡ್ಡೂ ಇಲ್ಲ. ಸಾಮಾನ್ಯವಾಗಿ 28 ದಿನದಲ್ಲಿ 14 ದಿನ ಇರಬಹುದು, ಆಮೇಲೆ ಜಾಗ ಬದಲಿಸಬೇಕು. ಚಳಿಗಾಲದಲ್ಲಿ ಅರಿಜೋನಾದ ಕ್ವಾರ್ಟ್‌ಸೈಟ್ ಪಕ್ಕದ ಲಾ ಪೊಸಾ ಅನ್ನುವ, ಪರ್ಮಿಟ್ ಇದ್ದರೆ ಚಳಿಗಾಲವಿಡೀ ಇರಬಹುದಾದ ಬಿಎಲ್‌ಎಂ ಜಾಗಕ್ಕೆ ಹೋಗುತ್ತೇವೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಪರ್ಮಿಟ್ಟಿಗೆ ನಾವು ಕೊಟ್ಟಿದ್ದು 180 ಡಾಲರ್. ನೀರು, ಡಂಪ್ ಸ್ಟೇಷನ್, ಕಸ ಹಾಕುವ ಜಾಗ ಎಲ್ಲ ಅದರಲ್ಲೇ. ಮರಳುಗಾಡು, ಕಲ್ಲು ನೆಲ, ಗಾಳಿ ಬಂದರೆ ಚಟ್ನಿಯಲ್ಲೂ ಧೂಳು. ಆದರೂ ಬೆಳಿಗ್ಗೆ ಗಡಿಯಾರ ಹಿಡಿದು ಕೂರುವ ಕರ್ಮ ಇಲ್ಲ.

ಒಂದು ವಿಷಯ. ನಮ್ಮ ಥರದ ಅಡುಗೆ ಮಾಡಿದರೆ, ಕುಡಿಯುವ ನೀರಿನ ಟ್ಯಾಂಕ್ ಖಾಲಿಯಾಗುವ ಮುಂಚೆಯೇ ಪಾತ್ರೆ ತೊಳೆದ ನೀರಿನ ಟ್ಯಾಂಕ್ ತುಂಬಿಬಿಡುತ್ತದೆ. ಅಕ್ಕಿ, ಬೇಳೆ ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದು ಟಾಯ್ಲೆಟ್ ಫ್ಲಶ್‌ಗೆ ಬಳಸಿ. ಎಣ್ಣೆ ಜಿಡ್ಡನ್ನು ಪೇಪರ್ ಟವೆಲ್‌ನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಇದೊಂದನ್ನು ಮಾಡಿದರೆ ಬಯಲಿನಲ್ಲಿ ಇನ್ನೂ ಒಂದಷ್ಟು ದಿನ ನಿಲ್ಲಬಹುದು.

ಇಷ್ಟಾದ ಮೇಲೂ ಪಾರ್ಕಿನೊಳಗೇ ಇರಬೇಕು ಅಂತಿದ್ದರೆ ಆರು ತಿಂಗಳು ಮುಂಚೆ ಮಾಡುವ ಬುಕಿಂಗ್ ಮರೆತುಬಿಡಿ. ಬುಕಿಂಗಿನ ಸರ್ಕಾರಿ ವೆಬ್‌ಸೈಟ್ ರೆಕ್ರಿಯೇಶನ್ ಡಾಟ್ ಗವ್‌ನಲ್ಲಿ, ತಲುಪಬೇಕಾದ ದಿನದ ಹಿಂದಿನ ದಿನ ರದ್ದು ಮಾಡಿದವರಿಗೆ ಮೊದಲ ರಾತ್ರಿಯ ಬಾಡಿಗೆಯೂ ಹೋಗುತ್ತದೆ. ಅದಕ್ಕೇ ಮನಸ್ಸು ಬದಲಿಸುವವರು ಅದಕ್ಕೂ ಮೊದಲೇ ಬಿಟ್ಟುಕೊಡುತ್ತಾರೆ. ಎರಡು ಮೂರು ದಿನ ಮುಂಚೆ ಆಗಾಗ ನೋಡುತ್ತಿರಿ. ಮೊದಲು ಬಂದವರಿಗೆ ಮೊದಲು ಅನ್ನುವ ಕ್ಯಾಂಪ್‌ಗ್ರೌಂಡ್ ಆದರೆ ಭಾನುವಾರ ಮಧ್ಯಾಹ್ನ ಹೋಗಿ. ವಾರಾಂತ್ಯದವರು ಹೊರಡುವ ಹೊತ್ತು ಅದು. ಮನೆ ಬಾಡಿಗೆ ಕಟ್ಟಿ ಶುಕ್ರವಾರ ಸಂಜೆ ಓಡಿ ಬರುವವರ ಜೊತೆ ನಿಮಗೆ ಯಾಕೆ ಪೈಪೋಟಿ, ಅಲ್ವಾ?

ಆ್ಯಪ್ ಬಗ್ಗೆ ಕೇಳಿದಿರಿ. ಒಂದೆರಡು ಇಟ್ಟುಕೊಳ್ಳಿ, ತಪ್ಪಿಲ್ಲ. ಆದರೆ ಮೊದಲು ಅಳತೆ ಟೇಪ್ ತಗೊಳ್ಳಿ. ಮುಂದಿನ ಬಂಪರಿನಿಂದ ಹಿಂದಿನ ಸೈಕಲ್ ರ‍್ಯಾಕ್‌ವರೆಗೆ ಗಾಡಿಯನ್ನು, ಆಮೇಲೆ ಕಾರು ಸೇರಿಸಿ ಒಟ್ಟು ಉದ್ದವನ್ನು, ಹಾಗೇ ಎಸಿ ಸೇರಿಸಿ ಎತ್ತರವನ್ನು ಅಳೆದು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿ. ನಿಮ್ಮ ಗಾಡಿ ಎಷ್ಟು ಅಡಿ, ಹಿಂದೆ ಕಾರು ಕಟ್ಟುತ್ತೀರಾ ಅಂತ ಬರೆದಿಲ್ಲ. ಅದನ್ನೂ ಯಾವ ತಿಂಗಳು ಹೊರಡುತ್ತೀರಿ ಅನ್ನುವುದನ್ನೂ ಹೇಳಿ, ನಾವು ನಿಂತ ಜಾಗಗಳಲ್ಲಿ ನಿಮಗೆ ಹೊಂದುವಂಥವು ಯಾವುವು ಅಂತ ಬರೆಯುತ್ತೇನೆ.