ಹೊಸ ಚಾಲಕನನ್ನು ಅಳೆಯುವ ಬಗೆ

ಪ್ರಶ್ನೆ: 2025ರ ಫಾರ್ಮುಲಾ ಒನ್ ಋತುವಿನಲ್ಲಿ ಮರ್ಸಿಡಿಸ್ ತಂಡದ ಹೊಸಬ ಕಿಮಿ ಆಂಟೊನೆಲ್ಲಿ ಗಳಿಸಿದ್ದು 150 ಅಂಕ. ಅದೇ ತಂಡದ ಜಾರ್ಜ್ ರಸೆಲ್ ಗಳಿಸಿದ್ದು 319. ಲೂಯಿಸ್ ಹ್ಯಾಮಿಲ್ಟನ್ ತೆರವು ಮಾಡಿದ ಜಾಗಕ್ಕೆ ಹದಿನೆಂಟರ ಹುಡುಗನನ್ನು ತಂದದ್ದು ಅವಸರವಾಗಲಿಲ್ಲವೇ? (ಓದುಗರು, ಹುಬ್ಬಳ್ಳಿ)

ಉತ್ತರ: ಒಟ್ಟು ಅಂಕವನ್ನಷ್ಟೇ ನೋಡಿದರೆ ನಿಮ್ಮ ಅನುಮಾನ ಸಹಜವೇ. ಆದರೆ ಆ 150 ಅಂಕಗಳು ಎಲ್ಲೆಲ್ಲಿಂದ ಬಂದವು ಎಂಬುದನ್ನು ಗಮನಿಸಿದರೆ ಬೇರೆಯದೇ ಚಿತ್ರ ಕಾಣುತ್ತದೆ.

ಮೆಲ್ಬರ್ನ್‌ನ ಮಳೆಯಲ್ಲಿ, ತಮ್ಮ ಮೊದಲ ರೇಸಿನಲ್ಲೇ, ಅವರು 16ನೆಯ ಸ್ಥಾನದಿಂದ ಹೊರಟು ನಾಲ್ಕನೆಯವರಾಗಿ ಮುಗಿಸಿದರು. ಮಯಾಮಿಯಲ್ಲಿ ಸ್ಪ್ರಿಂಟ್ ರೇಸಿಗೆ (ಮುಖ್ಯ ರೇಸಿಗೆ ಮುಂಚಿನ ಚಿಕ್ಕ ರೇಸು) ಪೋಲ್ ಪೊಸಿಷನ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನ, ಪಡೆದರು. ಕೆನಡಾದಲ್ಲಿ ಮೂರನೆಯವರಾಗಿ ಮೊದಲ ಬಾರಿಗೆ ಪೋಡಿಯಂ ಏರಿದರು. ಇದರ ನಡುವೆಯೇ ಯುರೋಪಿನ ಟ್ರ್ಯಾಕ್‌ಗಳಲ್ಲಿ ಅವರ ಆಟ ಕುಸಿಯಿತು. ಇಮೋಲಾದಿಂದ ಮೊನ್ಜಾವರೆಗಿನ ಯುರೋಪಿನ ಒಂಬತ್ತು ರೇಸುಗಳಲ್ಲಿ ಸಿಕ್ಕಿದ್ದು ಕೇವಲ 3 ಅಂಕ. ಇದರಲ್ಲಿ ತಂಡದ ಪಾಲೂ ಇದೆ: ಇಮೋಲಾದಲ್ಲಿ ಮೊದಲು ತಂದ ಹಿಂಬದಿಯ ಹೊಸ ಸಸ್ಪೆನ್ಷನ್ (ಚಕ್ರಗಳನ್ನು ಕಾರಿಗೆ ಜೋಡಿಸುವ ವ್ಯವಸ್ಥೆ) ಕಾರಿನ ಸ್ಥಿರತೆಯನ್ನು ಕೆಡಿಸಿತು, ಹಂಗೇರಿಯ ಹೊತ್ತಿಗೆ ತಂಡವೇ ಅದನ್ನು ಕೈಬಿಟ್ಟು ಹಳೆಯದಕ್ಕೆ ಮರಳಿತು. ಬ್ರೇಕ್ ಒತ್ತಿ ತಿರುವಿಗೆ ಇಳಿಯುವಾಗ ಹಿಂದಿನ ಚಕ್ರ ಹಿಡಿತ ಉಳಿಸಿಕೊಳ್ಳುತ್ತದೋ ಇಲ್ಲವೋ ಎಂಬ ಅಳುಕು ಒಮ್ಮೆ ಹೊಕ್ಕರೆ, ಅನುಭವಿ ಚಾಲಕ ಹಳೆಯ ನೆನಪಿನ ಬಲದಿಂದ ಹೇಗೋ ಸಂಭಾಳಿಸುತ್ತಾನೆ. ಹೊಸಬನಿಗೆ ಆ ನೆನಪಿನ ಗಂಟೇ ಇರುವುದಿಲ್ಲ.

ಹಾಗೆಂದು ತಪ್ಪನ್ನೆಲ್ಲ ಕಾರಿನ ಮೇಲೆ ಹೊರಿಸಲಾಗದು. ಆಸ್ಟ್ರಿಯಾದಲ್ಲಿ ಮೊದಲ ಸುತ್ತಿನಲ್ಲೇ ಅವರು ರೆಡ್ ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನ್‌ಗೆ ಡಿಕ್ಕಿ ಹೊಡೆದು ಇಬ್ಬರ ರೇಸನ್ನೂ ಮುಗಿಸಿದರು. ನೆದರ್ಲೆಂಡ್ಸ್‌ನ ಜಾಂಡ್‌ವೋರ್ಟ್‌ನಲ್ಲಿ, ಒಳಬದಿಗೆ ಇಳಿಜಾರಾಗಿರುವ ಮೂರನೆಯ ತಿರುವಿನಲ್ಲಿ, ಫೆರಾರಿ ತಂಡದ ಚಾರ್ಲ್ಸ್ ಲೆಕ್ಲೆರ್ಕ್ ಅವರ ಒಳಬದಿಗೆ ಕಾರು ನುಗ್ಗಿಸಿದಾಗ ಆಂಟೊನೆಲ್ಲಿಯ ಕಾರು ಜಾರಿ ಲೆಕ್ಲೆರ್ಕ್ ಕಾರಿನ ಹಿಂದಿನ ಚಕ್ರಕ್ಕೆ ತಾಗಿತು, ಲೆಕ್ಲೆರ್ಕ್ ಗೋಡೆಗೆ ಬಡಿದರು. ಎರಡರಲ್ಲೂ ನನಗೆ ಕಾಣುವುದು ಒಂದೇ ಕೊರತೆ: ಜಾಗ ಕಂಡೊಡನೆ ನುಗ್ಗುವ ಆತುರ. ಇದಕ್ಕಿಂತ ದೊಡ್ಡ ಕೊರತೆ, ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕೆಂದು ನಿರ್ಧರಿಸುವ ಶನಿವಾರದ ಅರ್ಹತಾ ಸುತ್ತಿನದು. ಬೆಲ್ಜಿಯಂನಲ್ಲಿ ಸ್ಪ್ರಿಂಟ್‌ಗೂ ಮುಖ್ಯ ರೇಸಿಗೂ ಮೊದಲ ಹಂತದಲ್ಲೇ ಹೊರಬಿದ್ದದ್ದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಆದರೆ ಮೊನ್ಜಾದ ನಂತರದ ಎಂಟು ರೇಸ್ ವಾರಾಂತ್ಯಗಳಲ್ಲಿ ಅವರು ಗಳಿಸಿದ್ದು 84 ಅಂಕ. ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ, ಕೊನೆಯ ಸುತ್ತುಗಳಲ್ಲಿ ವರ್ಸ್ಟಾಪನ್ ಬೆನ್ನಿಗಂಟಿ ಬಂದರೂ ಒಂದು ಬ್ರೇಕಿಂಗ್ ಕೂಡ ತಪ್ಪಿಸದೆ ಎರಡನೆಯ ಸ್ಥಾನ ಉಳಿಸಿಕೊಂಡದ್ದು ನನ್ನ ದೃಷ್ಟಿಯಲ್ಲಿ ಅವರ ವರ್ಷದ ಅತ್ಯುತ್ತಮ ಕೆಲಸ. ಆಸ್ಟ್ರಿಯಾದಲ್ಲಿ ಆತುರಪಟ್ಟ ಹುಡುಗನೇ ಇವನೆಂದು ನಂಬುವುದು ಕಷ್ಟವಾಗಿತ್ತು. ಲಾಸ್ ವೇಗಸ್‌ನಲ್ಲಿ 17ನೆಯ ಸ್ಥಾನದಿಂದ ಹೊರಟು ಅಂತಿಮ ಫಲಿತಾಂಶದಲ್ಲಿ ಮೂರನೆಯವರಾದರು. ಮೆಕ್ಲಾರೆನ್ ತಂಡದ ಇಬ್ಬರೂ ಚಾಲಕರು ಅನರ್ಹಗೊಂಡದ್ದು ನೆರವಾಯಿತು ನಿಜ, ಆದರೆ ಅಷ್ಟು ದೂರ ಟೈರ್ ಉಳಿಸಿಕೊಂಡು ಬಂದದ್ದು ಅವರದೇ ಕೈಚಳಕ. ಭಾನುವಾರದ ಮುಖ್ಯ ರೇಸಿನಲ್ಲಿ ತೋರುವ ಈ ಸಂಯಮವನ್ನು ಕಲಿಸುವುದು ಕಷ್ಟ. ಶನಿವಾರದ ವೇಗ ಅನುಭವದಿಂದ ಬರುವಂಥದ್ದು.

ಆದ್ದರಿಂದ ನನ್ನ ಉತ್ತರ: ತೀರ್ಮಾನ ಅವಸರದ್ದಾಗಿತ್ತು, ಆದರೆ ತಪ್ಪಾಗಿರಲಿಲ್ಲ. 2026ರ ಹೊಸ ನಿಯಮಗಳ ಕಾರನ್ನು ರಸೆಲ್ ಕೂಡ ಮೊದಲಿನಿಂದ ಕಲಿಯಬೇಕು, ಅದು ಆಂಟೊನೆಲ್ಲಿಗೆ ಅನುಕೂಲ. ಯುರೋಪಿನ ಟ್ರ್ಯಾಕ್‌ಗಳಿಗೆ ಮರಳಿದಾಗ ಅರ್ಹತಾ ಸುತ್ತಿನಲ್ಲಿ ಅವರು ರಸೆಲ್‌ಗಿಂತ ಎಷ್ಟು ಹಿಂದಿದ್ದಾರೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.